ಗಾಳಿ ಬರೋ ಮುಂಚೆ

ವಿಂಡ್‌ಸರ್ಫಿಂಗ್ ಕಲಿಯೋಕೆ ಬೇಕಾದ್ದು ಮೂರು: ನೀರು, ಗಾಳಿ, ರಜೆ. ನೆದರ್‌ಲ್ಯಾಂಡ್ಸ್‌ನಲ್ಲಿ ಮೊದಲೆರಡಕ್ಕೆ ಬರವಿಲ್ಲ. ನಾನಿರೋ ಆಮ್‌ಸ್ಟರ್‌ಡ್ಯಾಮ್‌ನಿಂದ ಗಂಟೆ ದಾರಿಯಲ್ಲಿ ಐಸೆಲ್‌ಮೇರ್ ಇದೆ; 1932ರಲ್ಲಿ ಸಮುದ್ರಕ್ಕೆ ಒಡ್ಡು ಕಟ್ಟಿ ಮಾಡಿಕೊಂಡ ಸರೋವರ. ಬರ ಇರೋದು ಮೂರನೆಯದಕ್ಕೆ. ಆಫೀಸು, ಮಗಳು, ಆನ್-ಕಾಲ್ ಎಲ್ಲ ಕಳೆದರೆ ನನಗುಳಿಯೋದು ತಿಂಗಳಿಗೆ ಎರಡು ಗಂಟೆ ನೀರು.

ನಮ್ಮೂರಲ್ಲಿ ‘ಗಾಳಿ ಬಂದಾಗ ತೂರಿಕೋ’ ಅಂತಾರೆ. ಆದರೆ ಗಾಳಿ ಬಂದ ಮೇಲೆ ಕಣ ಸಾರಿಸೋರನ್ನ ನಾನು ನೋಡಿಲ್ಲ. ಬಡಿದು, ರಾಶಿ ಹಾಕಿ, ಮೊರ ಹಿಡಿದು ಕಾಯ್ತಿರ್ತಾರೆ. ನನ್ನ ಅಭ್ಯಾಸವೂ ಹಾಗೇ, ಮುಕ್ಕಾಲು ಪಾಲು ನೆಲದ ಮೇಲೇ.

ಈ ಹಲಗೆಗೆ ಚುಕ್ಕಾಣಿ ಇರಲ್ಲ. ಹಾಯಿಯನ್ನ ಮುಂದಕ್ಕೆ ವಾಲಿಸಿದರೆ ಹಲಗೆಯ ಮೂತಿ ಗಾಳಿಯಿಂದಾಚೆ ತಿರುಗುತ್ತೆ, ಹಿಂದಕ್ಕೆ ವಾಲಿಸಿದರೆ ಗಾಳಿಯ ಕಡೆಗೆ. ಇದನ್ನ ಕೈಗಳಿಗೆ ಕಲಿಸೋಕೆ ಪಾರ್ಕಿನ ಹುಲ್ಲು ಸಾಕು. ದಿಕ್ಕು ಬದಲಿಸುವಾಗ ಹಾಯಿಕಂಬದ ಮುಂದಿನಿಂದ ಸುತ್ತಿ ಆ ಬದಿಗೆ ಹೋಗಬೇಕು. ಆ ಹೆಜ್ಜೆಗಳಿಗೆ ಅಡುಗೆಮನೆ ಟೈಲ್ಸ್ ಸಾಕು. ಮಗಳು ಎಣಿಸ್ತಾಳೆ, ನಗ್ತಾಳೆ.

ನೀರಿಗಿಳಿದ ದಿನ ಒಂದೇ ಗುರಿ. ತಿರುಗೋದು ಅಂದ್ರೆ ತಿರುಗೋದಷ್ಟೇ, ವೇಗ ಆಮೇಲೆ. ಗಾಳಿ ಮೆಲ್ಲಗಿದ್ರೂ ವಾಪಸ್ ಬರಲ್ಲ. ಕಾಲು ಎಲ್ಲಿ ತಡವರಿಸುತ್ತೆ ಅಂತ ಮೆಲುಗಾಳಿಯೇ ಚೆನ್ನಾಗಿ ತೋರಿಸೋದು.

ಕೆಲಸ ಕಡಿಮೆಯಾದ ಮೇಲೆ ಕಲೀತೀನಿ ಅಂತ ಕಾದರೆ ಮೂವತ್ತೈದು ಐವತ್ತಾಗುತ್ತೆ, ಕೆಲಸ ಕಡಿಮೆಯಾಗಲ್ಲ. ನಿಮ್ಮದು ಈಜೋ ವೀಣೆಯೋ ಇರಬಹುದು, ಲೆಕ್ಕ ಇದೇ. ಮೊನ್ನೆ ಸಿಕ್ಕಿದ್ದು ನಲವತ್ತೇ ನಿಮಿಷ. ಅದರಲ್ಲಿ ಎರಡು ಸಲ ಬೀಳದೆ ತಿರುಗಿದೆ.