ಏಸಿ ದೊಡ್ಡದಾದಷ್ಟೂ ಒಳ್ಳೆಯದಲ್ಲ

ಕೋಲ್ಕತ್ತದ ಗರಿಯಾಹಾಟ್ ಕಡೆ ಮನೆ ಮಾಡಿರುವ ನಮ್ಮವರೇ, ‘ಇರಲಿ, ದೊಡ್ಡದೇ ಇರಲಿ’ ಅಂತ 2 ಟನ್ನಿನ ಏಸಿಗೆ ಕೈ ಹಾಕಬೇಡಿ. ಇಲ್ಲಿ ಕಾಡುವುದು ಬರೀ ಬಿಸಿಲಲ್ಲ, ಒಗೆದ ಬನಿಯನ್ನೂ ಒಣಗಲು ಬಿಡದ ತೇವ. ಚಿಕ್ಕ ಕೋಣೆಯಲ್ಲಿ ದೊಡ್ಡ ಏಸಿ ಹಾಕಿದರೆ ಗಾಳಿ ಬೇಗ ತಣ್ಣಗಾಗಿ ಕಂಪ್ರೆಸರ್ ನಿಲ್ಲುತ್ತದೆ. ತೇವ ಒಳಗೇ ಉಳಿದು ಮೈಯೆಲ್ಲ ಅಂಟಂಟು. 120 ಚದರಡಿಗೆ 1 ಟನ್, ಅಂದರೆ ಗಂಟೆಗೆ 12,000 ಬಿಟಿಯು, ಸಾಮಾನ್ಯವಾಗಿ ಸಾಕು. ತಾರಸಿ ಕೆಳಗಿನ ಮಹಡಿ, ಪಶ್ಚಿಮದ ಕಿಟಕಿ, ಹಳೇ ಮನೆಯ ಎತ್ತರದ ಸೂರು ಇದ್ದರೆ ಒಂದೂವರೆ.

ಸ್ಟಾರ್ ಲೇಬಲ್ಲಿನ ವಾರ್ಷಿಕ ಯೂನಿಟ್ ಲೆಕ್ಕ 1,600 ಗಂಟೆಗೆ ಕಟ್ಟಿದ್ದು. ಏಪ್ರಿಲ್‌ನಿಂದ ಅಕ್ಟೋಬರ್ ತನಕ ದಿನವೂ ರಾತ್ರಿ 8 ಗಂಟೆ ಕಾಲ ಓಡಿಸಿದರೆ ಅದನ್ನು ದಾಟುತ್ತೀರಿ. ಅಂಥವರು 5 ಸ್ಟಾರ್ ಇನ್ವರ್ಟರ್ ಏಸಿಯನ್ನೇ ಕೊಳ್ಳಿ. ಲೇಬಲ್ಲಿನ ಅವಧಿಯನ್ನೂ ತಪ್ಪದೆ ನೋಡಿ; ಹಳೇ ಲೆಕ್ಕದ 5 ಸ್ಟಾರ್ ಹೊಸ ಲೆಕ್ಕದಲ್ಲಿ 4 ಆಗಿರಬಹುದು.