ಈ ಕೆಳಗೆ ಸಹಿ ಮಾಡಿರುವವನು

ನಮ್ಮಪ್ಪ ತೋಟಿ. ಊರಿನ ಸುದ್ದಿಯೆಲ್ಲ ಅವನ ಕಾಲ ಮೇಲೆ ಓಡಾಡುತ್ತಿತ್ತು. ಕಂದಾಯದ ಗಡುವು, ಮಾರಿಹಬ್ಬದ ದಿನ, ಕೆರೆ ತೂಬು ಎತ್ತೋ ಹೊತ್ತು ಎಲ್ಲವನ್ನೂ ತಮಟೆ ಬಡಿದು ಸಾರುತ್ತಿದ್ದವನು ಅವನು. ಊರೊಳಗೆ ಯಾರಾದರೂ ಸತ್ತರೆ ಹತ್ತು ಹನ್ನೆರಡು ಮೈಲಿ ನಡೆದು ನೆಂಟರಿಗೆ ಹೇಳಿ ಬರುತ್ತಿದ್ದವನೂ ಅವನೇ. ಶಾನುಭೋಗರು ಕೊಟ್ಟ ಕಾಗದದ ಕಟ್ಟನ್ನು ತಲೆ ಮೇಲೆ ಹೊತ್ತು ತಾಲ್ಲೂಕು ಕಚೇರಿಗೆ ಮುಟ್ಟಿಸುತ್ತಿದ್ದ. ಅದರಲ್ಲಿ ಏನು ಬರೆದಿದೆ ಅನ್ನೋದು ಅವನಿಗೆ ಗೊತ್ತಿರಲಿಲ್ಲ. ನಮ್ಮ ಜಮೀನು ಇನ್ನೊಬ್ಬರ ಹೆಸರಿಗೆ ಹೋದ ಕಾಗದವನ್ನೂ ಅವನೇ ಹೊತ್ತು ಕೊಟ್ಟು ಬಂದಿದ್ದಾನು ಅಂತ ಅವ್ವ ಸಾಯೋತನಕ ಹೇಳುತ್ತಿದ್ದಳು.

1961ರ ಕಾಯ್ದೆ ಈ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿತು. ಅದು ಕಾಗದದ ಮೇಲೆ. ಅಪ್ಪನ ಹೆಗಲಿಂದ ತಮಟೆ ಇಳಿಯೋಕೆ ಅದಾದ ಮೇಲೆ ಇನ್ನೂ ಬಹಳ ವರ್ಷ ಬೇಕಾಯಿತು.

ಇದೆಲ್ಲ ಈಗ ಯಾಕೆ ನೆನಪಾಯಿತು ಅಂದರೆ, ಹೋದ ವರ್ಷ ಹೋಬಳಿ ಊರಿನ ಕಾಲೇಜೊಂದರಲ್ಲಿ ನಮ್ಮ ಹುಡುಗರಿಗೆ ಎರಡು ದಿನದ ತರಬೇತಿ ಇಟ್ಟಿದ್ದರು. ಕೆಲಸದ ಜಾಗದಲ್ಲಿ ಹೇಗೆ ಮಾತಾಡಬೇಕು, ಹೇಗೆ ಬರೆಯಬೇಕು ಅನ್ನೋ ತರಬೇತಿ. ಕಚೇರಿಯಲ್ಲಿ ಮೂವತ್ತಾರು ವರ್ಷ ಗುಮಾಸ್ತಿಕೆ ಮಾಡಿದವನು ಅಂತ ನನ್ನನ್ನೂ ಕರೆದರು. ಬೆಂಗಳೂರಿಂದ ಬಂದ ತರಬೇತುದಾರ ಒಳ್ಳೆಯ ಹುಡುಗನೇ. ಕೈಯನ್ನು ಗಟ್ಟಿಯಾಗಿ ಕುಲುಕಿ, ನಗುನಗ್ತಾ ಇರಿ, ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ ಅಂತ ಹೇಳಿಕೊಟ್ಟ. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ಎಷ್ಟು ಹೇಳಿದರೂ ತಲೆ ಎತ್ತಲಿಲ್ಲ. ತರಬೇತುದಾರ ಬೋರ್ಡಿನ ಮೇಲೆ 'ಆತ್ಮವಿಶ್ವಾಸದ ಕೊರತೆ' ಅಂತ ಬರೆದ. ನನಗೆ ಅಪ್ಪನ ಕತ್ತು ನೆನಪಾಯಿತು. ಕಣ್ಣಲ್ಲಿ ಕಣ್ಣಿಟ್ಟರೆ ಹೊಡೆತ ಬೀಳುತ್ತಿದ್ದ ಕೇರಿಯಲ್ಲಿ ಮೂರು ತಲೆಮಾರು ಬದುಕಿದವರ ಕತ್ತು ಎರಡು ದಿನದಲ್ಲಿ ಎದ್ದು ನಿಲ್ಲೋದು ಹೇಗೆ, ನೀವೇ ಹೇಳಿ.

ಹಾಗಂತ ಕಲಿಯೋದೇ ಬೇಡ ಅಂತ ನಾನು ಹೇಳೋನಲ್ಲ. ಕಲಿಯಲೇಬೇಕು. ಕಲಿಯೋದು ಯಾವುದನ್ನ ಅನ್ನೋದೇ ನನ್ನ ತಕರಾರು.

ನಾನು ಗುಮಾಸ್ತನಾಗಿ ಸೇರಿದ್ದು 1984ರಲ್ಲಿ. ಕನ್ನಡ ಟೈಪಿಂಗ್ ಜೂನಿಯರ್ ಪಾಸು ಮಾಡಿದ್ದೆ, ಕೈಬರಹ ಗುಂಡಗಿತ್ತು. ಆದರೆ ಬಾಯಿಗೆ ಹಕಾರ ಹತ್ತುತ್ತಿರಲಿಲ್ಲ. 'ಆಜರಿ ಪುಸ್ತಕ ಎಲ್ಲೈತೆ' ಅಂತ ಕೇಳಿದ್ದಕ್ಕೆ ಇಡೀ ವಿಭಾಗ ನಕ್ಕಿತು. ಆಮೇಲೆ ತಿಂಗಳುಗಟ್ಟಲೆ ನಾನು ಒಳಗೆ ಬಂದಾಗಲೆಲ್ಲ ಯಾರಾದರೊಬ್ಬರು 'ಆಜರಿ ಬಂದ' ಅನ್ನೋರು. ಬರವಣಿಗೆಯಲ್ಲಿ ಮಾತ್ರ ನನ್ನ ಹಕಾರ ಯಾರಪ್ಪನ ಹಂಗೂ ಇಲ್ಲದೆ ನೆಟ್ಟಗೆ ನಿಲ್ಲುತ್ತಿತ್ತು. ಆದ್ದರಿಂದ ಮಾತು ಕಡಿಮೆ ಮಾಡಿದೆ, ಬರೆಯೋದನ್ನು ಹಿಡಿದೆ.

ನಾನು ಬರೆದ ಮೊದಲನೇ ಕಾಗದ ಒಂದು ದಿನದ ರಜಾ ಅರ್ಜಿ. 'ತಮ್ಮ ಪಾದಾರವಿಂದಗಳಲ್ಲಿ ಬೇಡಿಕೊಳ್ಳುವುದೇನೆಂದರೆ' ಅಂತ ಶುರು ಮಾಡಿದ್ದೆ. ಊರಿನ ಬುದ್ಧಿಯೋರಿಗೆ ಅಪ್ಪ ಹಾಗೇ ಅನ್ನುತ್ತಿದ್ದ, ಸಾಹೇಬರಿಗೂ ಹಾಗೇ ಅನ್ನಬೇಕು ಅಂದುಕೊಂಡಿದ್ದೆ. ಪಕ್ಕದ ಮೇಜಿನ ಹಿರಿಯ ಗುಮಾಸ್ತರು ಅದನ್ನು ಓದಿ, ಕನ್ನಡಕ ತೆಗೆದು, "ರಜಾ ನಿನ್ನ ಲೆಕ್ಕದಲ್ಲಿರೋದು ಕಣಯ್ಯ, ಪಾದ ಯಾಕೆ ಹಿಡೀತಿ?" ಅಂದರು. ಹೊಸ ಹಾಳೆ ಕೊಟ್ಟರು. ವಿಷಯ ಒಂದೇ ಸಾಲು. ಉಲ್ಲೇಖದಲ್ಲಿ ಹಿಂದಿನ ಕಾಗದದ ಸಂಖ್ಯೆ, ದಿನಾಂಕ. ಆಮೇಲೆ ಏನಾಯಿತು, ಎಂದು ಆಯಿತು, ಏನು ಬೇಕು. ಕೊನೆಗೆ ಸಹಿ. ಕಚೇರಿ ಪತ್ರ ಅಂದರೆ ಇಷ್ಟೆ ಅಂದರು. ಈ ಇಷ್ಟರಲ್ಲಿ 'ದಯಮಾಡಿ' ಅನ್ನೋದು ಒಂದು ಸಲ ಸಾಕು. ಅವರು ಯಾವ ಜಾತಿ ಅಂತ ನಾನು ಕೇಳಲಿಲ್ಲ. ನನ್ನದನ್ನು ಅವರೂ ಕೇಳಲಿಲ್ಲ. ಆ ಕಚೇರಿಯಲ್ಲಿ ನನ್ನನ್ನು ಕೇಳದೆ ಇದ್ದವರು ಅವರೊಬ್ಬರೇ.

ಆದರೆ ಅದೇ ಮೇಜಿನ ಮೇಲೆ ಇನ್ನೊಂದು ಭಾಷೆಯನ್ನೂ ಕಲಿತೆ. 'ಪರಿಶೀಲನೆಯಲ್ಲಿದೆ.' 'ನಿಯಮಾನುಸಾರ ಕ್ರಮ ಕೈಗೊಳ್ಳಲಾಗುವುದು.' ಯಾರು ಕೈಗೊಳ್ಳುತ್ತಾರೆ? ಕೈ ಉಂಟು, ಕೈಯ ಯಜಮಾನ ಇಲ್ಲ. ಈ ಭಾಷೆ ಬಹಳ ಬೇಗ ಕೈಗೆ ಹತ್ತುತ್ತದೆ. ನಮ್ಮ ಕೇರಿಯಂಥದೇ ಒಂದು ಕೇರಿಯ ಮುದುಕಿ ವಿಧವಾ ವೇತನಕ್ಕೆ ಮೂರು ಸಲ ಬಂದಳು. ಮೂರು ಸಲವೂ ನಾನು "ಪರಿಶೀಲನೆಯಲ್ಲಿದೆ" ಅಂದೆ. ಮೂರನೇ ಸಲ ಅವಳು, "ಅಂಗಂದ್ರೆ ಐತೋ ಇಲ್ವೋ ಮಗ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳ ಅರ್ಜಿ ಕಟ್ಟಿನ ತಳದಲ್ಲಿತ್ತು, ನಾನು ತೆಗೆದೇ ನೋಡಿರಲಿಲ್ಲ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

ಆವತ್ತು ರಾತ್ರಿ ಅಪ್ಪನಿಗೆ ಬಿದ್ದ ಹೊಡೆತ ನೆನಪಾಯಿತು. ನನಗಾಗ ಒಂಬತ್ತು ವರ್ಷ. ಊರಿನ ದೊಡ್ಡ ಮನೆಯ ಯಜಮಾನ ಸತ್ತಿದ್ದ. ಬೀಗರ ಊರಿಗೆ ಸುದ್ದಿ ಮುಟ್ಟಿಸೋಕೆ ಅಪ್ಪ ರಾತ್ರಿಯೇ ಹೊರಟ. ಹೊರಡೋಕೆ ಮುಂಚೆ ಯಾರು, ಯಾವಾಗ, ಮಣ್ಣು ಎಷ್ಟು ಹೊತ್ತಿಗೆ ಅಂತ ಎರಡು ಸಲ ಬಾಯಲ್ಲಿ ಹೇಳಿಕೊಳ್ಳುತ್ತಿದ್ದ. ಅದು ಅವನ ಪದ್ಧತಿ. ಅಲ್ಲಿ ಜಗಲಿ ಹತ್ತುವಂತಿರಲಿಲ್ಲ. ಬೀದಿಯಲ್ಲೇ ನಿಂತು ಕೂಗಿ ಹೇಳಿ, ಒಳಗಿಂದ 'ಹೂಂ' ಅಂದದ್ದನ್ನು ಕೇಳಿಸಿಕೊಂಡು ವಾಪಸ್ಸು ಬಂದ. ಮಾರನೇ ದಿನ ಬೀಗರು ಮಣ್ಣಾದ ಮೇಲೆ ಬಂದರು. ತಡ ಯಾಕಾಯಿತು ಅಂದರೆ, ತೋಟಿ ಬರಲೇ ಇಲ್ಲ ಅಂದುಬಿಟ್ಟರು. ಅಪ್ಪನನ್ನು ಚಾವಡಿ ಕಂಬಕ್ಕೆ ಕಟ್ಟಿದರು. "ಏಳಿದ್ದೆ ಬುದ್ಧೀ, ಊಂ ಅಂದ್ರು ಬುದ್ಧೀ" ಅಂತ ಅವನು ಅಂದಷ್ಟೂ ಬಿತ್ತು. ಹೇಳಬೇಕಾದ್ದನ್ನು ಅವನು ಸರಿಯಾಗೇ ಹೇಳಿದ್ದ. ಕೇಳಿಸಿಕೊಂಡೆವು ಅಂತ ಒಪ್ಪಿಕೊಳ್ಳೋರು ಇರಲಿಲ್ಲ.

ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ತಮ್ಮ ಬಾಲ್ಯದ ಒಂದು ಪ್ರಯಾಣದ ಕಥೆ ಹೇಳಿದ್ದಾರೆ. ಸುಮಾರು 1901ರ ಮಾತು. ಕೋರೆಗಾಂವ್‌ನಲ್ಲಿ ಕೆಲಸದಲ್ಲಿದ್ದ ತಂದೆಗೆ, ಬರುತ್ತೇವೆ ಅಂತ ಕಾಗದ ಬರೆದೇ ಮಕ್ಕಳು ರೈಲು ಹತ್ತಿದ್ದರು. ಮಸೂರ್ ಸ್ಟೇಷನ್ನಿಗೆ ಯಾರೂ ಬರಲಿಲ್ಲ. ಕಾಗದ ಕೈಗೆ ಬಂದಿದ್ದರೂ ತಂದೆಯ ಆಳು ಅದನ್ನು ಅವರಿಗೆ ಮುಟ್ಟಿಸಿರಲಿಲ್ಲ. ಒಳ್ಳೆ ಬಟ್ಟೆ ತೊಟ್ಟ ಮಕ್ಕಳನ್ನು ಸ್ಟೇಷನ್ ಮಾಸ್ತರ ಚೆನ್ನಾಗಿಯೇ ಮಾತಾಡಿಸಿದ. ಯಾರು ಅಂತ ಕೇಳಿದ್ದಕ್ಕೆ ಹುಡುಗ ಮಹಾರರು ಅಂದ. ಮಾಸ್ತರನ ಮುಖ ಬದಲಾಯಿತು. ಎರಡರಷ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ತಾವೇ ಹೊಡೆದುಕೊಂಡು ಹೋಗಬೇಕಾಯಿತು. ಆ ಮಕ್ಕಳ ಸಂವಹನದಲ್ಲಿ ಏನು ಕೊರತೆ ಇತ್ತು? ಇದನ್ನು ಆ ತರಬೇತುದಾರನಿಗೂ ಕೇಳಿದೆ. ಪಾಪ, ಅವನ ಪುಸ್ತಕದಲ್ಲಿ ಅದು ಇರಲಿಲ್ಲ.

ಎರಡನೇ ದಿನ ಮಧ್ಯಾಹ್ನ ನನಗೆ ಒಂದು ಗಂಟೆ ಕೊಟ್ಟರು. ನಮ್ಮ ಕೇರಿಯ ಬೋರ್‌ವೆಲ್ ಪಂಪಿನ ಎರಡು ಅರ್ಜಿ ತೆಗೆದುಕೊಂಡು ಹೋಗಿದ್ದೆ. ಒಂದು, ನಾವು ಬಡವರು, ನೀವೇ ದೇವರು ಅಂತ ಯಾರೋ ಬರೆದುಕೊಟ್ಟದ್ದು. ಅಂಥವು ಮೂರು ವರ್ಷದಲ್ಲಿ ಆರು ಹೋಗಿದ್ದವು, ಒಂದಕ್ಕೂ ಉತ್ತರವಿಲ್ಲ. ಇನ್ನೊಂದು, ನಾನು ಬರೆದುಕೊಟ್ಟದ್ದು. ಪಂಪು ಕೆಟ್ಟ ದಿನಾಂಕ, ಎಷ್ಟು ಮನೆ, ಹೆಂಗಸರು ನೀರಿಗೆ ಯಾರ ಹೊಲದ ಬಾವಿಗೆ ಹೋಗಬೇಕು, ಅಲ್ಲಿ ಏನು ಅನ್ನಿಸಿಕೊಂಡು ಬರಬೇಕು, ಹಿಂದಿನ ಆರು ಅರ್ಜಿಗಳ ದಿನಾಂಕ. ಕೊನೆಗೆ ಒಂದೇ ಪ್ರಶ್ನೆ: ಇದನ್ನು ರಿಪೇರಿ ಮಾಡಿಸಬೇಕಾದ ನೌಕರರ ಹುದ್ದೆ ಯಾವುದು? ಕೇರಿಯವರ ಸಹಿ, ಹೆಬ್ಬೆಟ್ಟು ಹಾಕಿಸಿದೆವು. ನಕಲಿನ ಮೇಲೆ ಸೀಲು, ಆವಕ ವಹಿಯ ಸಂಖ್ಯೆ ಹಾಕಿಸಿಕೊಳ್ಳದೆ ಬಾಗಿಲು ಬಿಡಬೇಡಿ ಅಂದಿದ್ದೆ. ನಾನು ನಡತೆ ನಿಯಮದಡಿ ಇದ್ದ ನೌಕರ, ನನ್ನ ಹೆಸರು ಎಲ್ಲೂ ಇರಲಿಲ್ಲ. ಹನ್ನೊಂದನೇ ದಿನಕ್ಕೆ ಪಂಪು ಎದ್ದಿತು. ಗುಂಡನೆಯ ಅಕ್ಷರ ಯಾರದು ಅಂತ ನನ್ನ ಸಾಹೇಬರಿಗೆ ಗೊತ್ತಾಗೋಕೆ ಹನ್ನೊಂದು ದಿನವೂ ಬೇಕಾಗಲಿಲ್ಲ. ಆರು ತಿಂಗಳಲ್ಲಿ ಎಂಬತ್ತು ಮೈಲಿ ಆಚೆಗೆ ವರ್ಗ ಆಯಿತು. ಆ ಆದೇಶದಲ್ಲಿ ಕಾರಣದ ಜಾಗದಲ್ಲಿ 'ಆಡಳಿತಾತ್ಮಕ' ಅಂತ ಇತ್ತು. ಅದನ್ನು ಬರೆದ ಗುಮಾಸ್ತ ಒಳ್ಳೆ ಕೈಯವನು, ತಪ್ಪು ಹುಡುಕೋಕೆ ಜಾಗ ಬಿಟ್ಟಿರಲಿಲ್ಲ.

ಹುಡುಗರಿಗೆ ಈಗಿನ ಹತಾರುಗಳನ್ನೂ ಹೇಳಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದ ಪ್ರಕಾರ ಆ ಅರ್ಜಿ ಒಂದೇ ವಿಷಯದ್ದಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಅದು ಕಟ್ಟುಪಾಡು ನಿಜ, ಆದರೆ 150 ಪದದಲ್ಲಿ ಕೇಳೋದನ್ನು ಕಲಿತವನು ಎಲ್ಲಾದರೂ ಬದುಕುತ್ತಾನೆ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಮಾಡಿದ ತಿದ್ದುಪಡಿ ಇನ್ನೂ ದೊಡ್ಡದು. ಬಾಯಲ್ಲಿ ಹೇಳಿದ ದೂರನ್ನು ಪೊಲೀಸರು ಬರೆದುಕೊಂಡು, ಸಹಿಗೆ ಮುಂಚೆ ಹೇಳಿದವರಿಗೆ ಓದಿ ಹೇಳಬೇಕು, ತಕ್ಷಣ ನಕಲು ಕೊಡಬೇಕು. ಚಾವಡಿ ಕಂಬದ ಮುಂದೆ ಅಪ್ಪನ ಕೈಯಲ್ಲಿ ಇಲ್ಲದೆ ಇದ್ದದ್ದು ಇದೇ ನಕಲು.

ತರಗತಿ ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗ ಹತ್ತಿರ ಬಂದ. ಆಗಲೂ ನೆಲ ನೋಡಿಕೊಂಡೇ ಕೇಳಿದ: "ಸಾರ್, ನಂ ಆಸ್ಟೆಲ್ ವಿಷ್ಯ. ಅರ್ಜಿ ಇಸ್ಕೋತಾರೆ, ಸೀಲ್ ಆಕಲ್ಲ ಅಂತಾರೆ. ಏನ್ಮಾಡದು?" ಸ್ಪೀಡ್ ಪೋಸ್ಟಿನಲ್ಲಿ ಕಳಿಸು, ಚೀಟಿ ಜೋಪಾನ, ಅದಕ್ಕೆ ಮುಂಚೆ ಒಂದು ಸಲ ಕಿಟಕಿ ಮುಂದೆ ನಿಂತು ಕೇಳು ಅಂದೆ. ಇಬ್ಬರೂ ಕೂತು ಅವನ ಅರ್ಜಿ ತಿದ್ದಿದೆವು. 'ಪಾದ' ಹೊಡೆದುಹಾಕಿದೆವು. ಎರಡು ದಿನಾಂಕ ಸೇರಿಸಿದೆವು. ಸಂಜೆ ಬಸ್ಸಿಗೆ ಅವನು ತಾಲ್ಲೂಕಿಗೆ ಹೋದ. ಸೀಲು ಬಿತ್ತೋ ಇಲ್ಲವೋ, ಇನ್ನೂ ಫೋನು ಬಂದಿಲ್ಲ.