ಕೆಂಪಾಗದ ಕಣ್ಣು

"ಏನಿಲ್ಲ ಕಣಪ್ಪ, ರಾಗಿ ತೂರೋವಾಗ ಕಣ್ಣಿಗೆ ಹೊಟ್ಟು ಬಿತ್ತು. ಪಕ್ಕದ ಮನೆ ಬಾಣಂತಿ ಎರಡು ಹನಿ ಎದೆಹಾಲು ಬಿಟ್ಲು. ಮೆಡಿಕಲ್ ಸ್ಟೋರ್ ಹುಡುಗ ಡ್ರಾಪ್ಸ್ ಕೊಟ್ಟವ್ನೆ" ಅಂತ ಅವ್ವ ಫೋನಿನಲ್ಲಿ ಹೇಳಿದಾಗ ನಾನು ಆಫೀಸಿನಲ್ಲಿ ಯಾವುದೋ ರಿಲೀಸ್ ತಲೆನೋವಿನಲ್ಲಿದ್ದೆ. "ಕೆಂಪಾಗೈತಾ?" ಅಂದೆ. "ಅಷ್ಟೇನಿಲ್ಲ" ಅಂದಳು. ಸರಿ ಬಿಡು ಅಂತ ಫೋನಿಟ್ಟೆ.

ಅವ್ವ ನಾಲ್ಕು ವರ್ಷದಿಂದ ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್, ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದಾಳೆ. ತಿಂಗಳು ತಿಂಗಳು ಕೊರಿಯರ್ ಮಾಡುವವನು ನಾನೇ. ಆದರೂ ಆ ಹೊತ್ತಿಗೆ ನೆನಪಾಗಲಿಲ್ಲ. ಮನೆ ಕಾಯೋ ನಾಯಿ ಮನೆಯವರನ್ನೇ ಕಚ್ಚೋಕೆ ಶುರು ಮಾಡಿದರೆ ಕಟ್ಟಿಹಾಕ್ತೀವಲ್ಲ, ಆ ಮಾತ್ರೆಗಳ ಕೆಲಸವೂ ಅದೇ. ಕಟ್ಟಿದ ನಾಯಿ ಕಳ್ಳನನ್ನು ಅಟ್ಟಲಾರದು.

ಮೂರನೇ ದಿನ ವಿಡಿಯೋ ಕಾಲ್ ಮಾಡಿದರೆ ಕಪ್ಪುಗುಡ್ಡೆಯ ಮೇಲೆ ಅಕ್ಕಿನುಚ್ಚಿನಷ್ಟು ಬಿಳಿ ಚುಕ್ಕೆ. ಆ ರಾತ್ರಿಯೇ ಊರಿಗೆ ಹೋಗಿ ಬೆಂಗಳೂರಿಗೆ ಕರೆತಂದೆ.

ಕಣ್ಣಾಸ್ಪತ್ರೆಯಲ್ಲಿ ಕಾರ್ನಿಯಾದ ಹುಣ್ಣನ್ನು ಮೆಲ್ಲಗೆ ಕೆರೆದು ಲ್ಯಾಬಿಗೆ ಕಳಿಸಿದರು. ಬ್ಯಾಕ್ಟೀರಿಯಾಗೆ ಒಂದು ಔಷಧ, ಫಂಗಸ್ಸಿಗೆ ಇನ್ನೊಂದು. ಅಂದಾಜಿನ ಮೇಲೆ ನಡೆಯೋ ಕೆಲಸವಲ್ಲ. ಬಂದಿದ್ದು ಸ್ಯೂಡೊಮೋನಾಸ್ ಅನ್ನೋ ಬ್ಯಾಕ್ಟೀರಿಯಾ. ಒಂದೆರಡು ದಿನದಲ್ಲೇ ಕಾರ್ನಿಯಾವನ್ನು ಕರಗಿಸಿಬಿಡುವ ಜಾತಿಯದ್ದು. ಅವ್ವನ ಎಲೆಅಡಿಕೆ ಚೀಲದಲ್ಲಿದ್ದ ಡ್ರಾಪ್ಸ್ ಬಾಟಲಿಯನ್ನು ಡಾಕ್ಟರು ತಿರುಗಿಸಿ ತೋರಿಸಿದರು: ಡೆಕ್ಸಾಮೆಥಸೋನ್. ಅದೂ ಸ್ಟೀರಾಯ್ಡೇ! ಕೆಂಪು, ನೋವು ಇಳಿದು ವಾಸಿಯಾದಂಗೆ ಕಾಣುತ್ತೆ. ಹುಣ್ಣು ಮಾತ್ರ ಒಳಗೆ ಬೆಳೀತಾ ಇರುತ್ತೆ.

ಎರಡು ಹಗಲು, ಎರಡು ರಾತ್ರಿ ಗಂಟೆಗೊಮ್ಮೆ ಆಂಟಿಬಯೋಟಿಕ್ ಹನಿ. ನಾನು ಅಲಾರಂ ಇಟ್ಟು ಏಳುತ್ತಿದ್ದೆ. ಬೆಳಗಿನ ಜಾವ ಮೂರಕ್ಕೆ ಅವ್ವ, "ನೀನು ಮಲಕ್ಕೊ ಮಗ, ಬೆಳಗ್ಗೆ ಆಪೀಸೈತೆ" ಅನ್ನೋಳು. ನನ್ನ ಕೈ ನಡುಗುತ್ತಿತ್ತು, ಅವಳ ಕಣ್ಣು ಅಲ್ಲಾಡುತ್ತಿರಲಿಲ್ಲ.

ಕಣ್ಣು ಉಳಿಯಿತು. ಬಿಳಿ ಕಲೆ ಹಾಗೇ ನಿಂತಿದೆ. "ಈ ಕಣ್ಣಲ್ಲಿ ನೋಡಿದ್ರೆ ನೀನು ಮಂಜಲ್ಲಿ ನಿಂತಂಗೆ ಕಾಣ್ತೀಯ" ಅಂತ ನಗುತ್ತಾಳೆ. ನನಗೆ ನಗು ಬರಲ್ಲ.

ಬಾಣಂತಿ ಮೇಲೆ ಸಿಟ್ಟಿಲ್ಲ, ಅವಳಿಗೆ ಗೊತ್ತಿದ್ದನ್ನು ಅವಳು ಮಾಡಿದಳು. ಗೊತ್ತಿರಬೇಕಾಗಿದ್ದವನು ನಾನು. ನಿಮ್ಮ ಮನೆಯಲ್ಲೂ ಕೀಲುನೋವಿಗೋ, ಕಸಿ ಮಾಡಿದ ಕಿಡ್ನಿಗೋ ಇಂಥ ಮಾತ್ರೆ ತಗೊಳ್ಳೋರು, ಸಕ್ಕರೆ ಕಾಯಿಲೆಯೋರು ಇದ್ದರೆ, ಕಣ್ಣು ಚುಚ್ಚಿದರೆ, ಮಂಜಾದರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ನುಂಗೋ ಮಾತ್ರೆಯ ಚೀಟಿಯನ್ನೂ ಮರೆಯದೆ ತೋರಿಸಿ. ಕೆಂಪಾಗಲಿ ಅಂತ ಕಾಯಬೇಡಿ.